ಸ್ವೇಡ್ ಶೂ, ಸೋಫಾಗೆ ಮಳೆಗಾಲದ ಬೂಷ್ಟು: ಯಾವುದಕ್ಕೆ ಏನು ಹಾಕೋದು?

ತೀರ್ಥಹಳ್ಳಿ ತುಂತುರು
ಎಲ್ಲರಿಗೂ ನಮಸ್ಕಾರ. ಆಷಾಢ ಹಿಡಿದಾಗಿಂದ ಬಿಸಿಲೇ ಇಲ್ಲ. ಬೀರು ಒಳಗಿದ್ದ ಕಂದು ಬಣ್ಣದ ಸ್ವೇಡ್ ಶೂ ಮೇಲೆ ಬಿಳಿ ಚುಕ್ಕೆ ಎದ್ದಿದೆ. ಮುಂಭಾಗದಲ್ಲಿ ನೀರು ಬಿದ್ದು ಒಣಗಿದ ಗೆರೆ ಇದೆ, ಆ ಜಾಗ ಮುಟ್ಟಿದರೆ ಗಟ್ಟಿ. ಹಾಲ್‌ನಲ್ಲಿರೋ ಸೋಫಾವನ್ನೂ ಅಂಗಡಿಯವರು ಸ್ವೇಡ್ ಅಂತಲೇ ಹೇಳಿ ಕೊಟ್ಟದ್ದು. ತಲೆ ಒರಗಿಸೋ ಕಡೆ ಎಣ್ಣೆ ಕಪ್ಪು, ಕೂರೋ ಕಡೆ ಮುಗ್ಗಲು ವಾಸನೆ. ವಿಡಿಯೋ ನೋಡಿದರೆ ಒಬ್ಬರು ವಿನೆಗರ್ ಅಂತಾರೆ, ಇನ್ನೊಬ್ಬರು ಅಡುಗೆ ಸೋಡಾ, ಮತ್ತೊಬ್ಬರು ತೆಂಗಿನೆಣ್ಣೆ. ಗೊತ್ತಿದ್ದವರು ಬಿಡಿಸಿ ಹೇಳಿ.

ಕಡಲತಡಿ
ತೆಂಗಿನೆಣ್ಣೆ ಮಾತ್ರ ಹಾಕಬೇಡಿ ಮಾರಾಯ್ರೆ. ಹಾಕಿದ ಜಾಗ ಕಪ್ಪಾಗಿ ಹಾಗೇ ಉಳೀತದೆ.

ಬಸವನಗುಡಿ ವಾಸಿ
ಎರಡು ದಿನ ಬಿಸಿಲು ಕಂಡಾಗ ಹೊರಗಿಡಿ, ಅಡುಗೆ ಸೋಡಾ ನೀರಲ್ಲಿ ಕಲಸಿ ಬ್ರಷ್‌ನಲ್ಲಿ ಉಜ್ಜಿ. ಇದಕ್ಕೆಲ್ಲ ಇಷ್ಟು ತಲೆ ಕೆಡಿಸ್ಕೋಬೇಕಾ?

ಚರ್ಮದ ಕೆಲಸ
ಬಸವನಗುಡಿಯವರೇ, ಸೋಡಾ ನೀರು ಬೇಡವೇ ಬೇಡ. ಹದ ಮಾಡಿದ ಚರ್ಮ ಸ್ವಲ್ಪ ಆಮ್ಲೀಯವಾಗಿರುತ್ತೆ, ಪಿ.ಎಚ್. ಸುಮಾರು 4ರಿಂದ 5. ಸೋಡಾ ಕ್ಷಾರ, 8ರ ಮೇಲೆ. ಒದ್ದೆ ಸೋಡಾ ತಾಗಿದರೆ ಬಣ್ಣ ಬಿಡುತ್ತೆ, ಎಳೆ ಒರಟಾಗುತ್ತೆ. ಒಣ ಪುಡಿಯನ್ನು ಶೂ ಒಳಗಡೆ ವಾಸನೆಗೆ ಹಾಕಿ ಬೆಳಿಗ್ಗೆ ಕೊಡವಿದರೆ ತೊಂದರೆ ಇಲ್ಲ, ಅಷ್ಟಕ್ಕೇ ನಿಲ್ಲಿಸಿ. ಎರಡು ದಿನದ ಬಿಸಿಲೂ ಬೇಡ. ಸ್ವೇಡ್‌ನ ಬಣ್ಣ ಬಿಸಿಲಿಗೆ ಬೇಗ ಮಾಸುತ್ತೆ, ಅದೂ ಒಂದೇ ಪಕ್ಕ.

ತುಂತುರು ಅವರೇ, ಶೂ ಮತ್ತು ಸೋಫಾ ಎರಡೂ ಬೇರೆ ಬೇರೆ ವಸ್ತು ಅಂತ ಮೊದಲು ಇಟ್ಕೊಳ್ಳಿ. ನಮ್ಮ ಕಡೆ ಅಂಗಡಿಗಳಲ್ಲಿ ‘ಸ್ವೇಡ್ ಸೋಫಾ’ ಅಂತ ಮಾರೋದು ಬಹುಪಾಲು ಪಾಲಿಯೆಸ್ಟರ್ ಮೈಕ್ರೋಫೈಬರ್ ಬಟ್ಟೆ. ನಿಜವಾದ ಸ್ವೇಡ್ ಅಂದರೆ ಚರ್ಮದ ಒಳಮೈ. ತೊಗಲನ್ನು ಪದರವಾಗಿ ಸೀಳಿ ಕೆಳಗಿನ ಪದರವನ್ನು ಉಜ್ಜಿ ನವಿರು ಎಬ್ಬಿಸಿರುತ್ತಾರೆ. ಮೇಲಿನ ನಯವಾದ ಮೈಯನ್ನೇ ಉಜ್ಜಿದರೆ ಅದು ನುಬಕ್, ಅದರ ನವಿರು ಇನ್ನೂ ಸಣ್ಣದು.

ಗುರುತು ಹಿಡಿಯೋದು ಹೀಗೆ. ಸೋಫಾದ ಕುಶನ್ ಜಿಪ್ ತೆಗೆದು ಒಳಮೈ ನೋಡಿ. ನೇಯ್ದ ಅಥವಾ ಹೆಣೆದ ಬಟ್ಟೆ ಕಂಡರೆ ಅದು ಚರ್ಮ ಅಲ್ಲ. ಚರ್ಮವಾದರೆ ಹಿಂಬದಿಯಲ್ಲೂ ಎಳೆ ಎಳೆಯಾಗಿ, ಒಂದೊಂದು ಕಡೆ ಒಂದೊಂದು ದಪ್ಪ ಇರುತ್ತೆ. ಬೆಂಕಿಕಡ್ಡಿ ಗೀರಿ ಪರೀಕ್ಷೆ ಮಾಡೋಕೆ ಹೋಗಬೇಡಿ.

ಸೋಫಾ ರಿಪೇರಿ
ಹೌದು, ನೂರಕ್ಕೆ ತೊಂಬತ್ತು ಬಟ್ಟೇನೇ ಅಂತ ಕೂತಲ್ಲೇ ಹೇಳಬಹುದು. ಕುಶನ್ ಒಳಗೆ ಅಥವಾ ಸೀಟಿನ ಕೆಳಗೆ ಒಂದು ಚೀಟಿ ಹೊಲಿದಿರ್ತಾರೆ, ನೋಡಿ. ಅದರ ಮೇಲೆ ‘ಡಬ್ಲ್ಯೂ’ ಅಕ್ಷರ ಇದ್ದರೆ ನೀರಿನ ದ್ರಾವಣ ನಡೆಯುತ್ತೆ. ‘ಎಸ್’ ಇದ್ದರೆ ನೀರು ಬೇಡ, ಸ್ಪಿರಿಟ್ ಮಾತ್ರ. ಎರಡೂ ಅಕ್ಷರ ಇದ್ದರೆ ಎರಡೂ ಆಗುತ್ತೆ. ‘ಎಕ್ಸ್’ ಇದ್ದರೆ ವ್ಯಾಕ್ಯೂಮ್ ಬಿಟ್ಟು ಬೇರೇನೂ ಮಾಡಬಾರದು. ಚೀಟಿ ಇಲ್ಲದಿದ್ದರೆ ಹಿಂಬದಿಯಲ್ಲಿ ಕಾಣದ ಕಡೆ ಒಂದು ಚಮಚ ನೀರು ಒತ್ತಿ ಒಣಗಿಸಿ ನೋಡಿ. ಉಂಗುರದ ಗುರುತು ಉಳಿದರೆ ‘ಎಸ್’ ಅಂತಲೇ ತಿಳ್ಕೊಳ್ಳಿ.

ತೀರ್ಥಹಳ್ಳಿ ತುಂತುರು
ಜಿಪ್ ತೆಗೆದು ನೋಡಿದೆ. ಒಳಗೆ ಬಿಳಿ ಹೆಣಿಗೆ ಬಟ್ಟೆ, ಚೀಟಿಯಲ್ಲಿ ‘ಡಬ್ಲ್ಯೂ’ ಮತ್ತು ‘ಎಸ್’ ಎರಡೂ ಇವೆ. ಶೂ ಮಾತ್ರ ಚರ್ಮದ್ದೇ, ಅಂಚಲ್ಲಿ ಎಳೆ ಕಾಣ್ತಿದೆ. ಮೊದಲು ಶೂ ವಿಷಯ ಹೇಳಿ ಸರ್.

ರಸಾಯನ ಮೇಷ್ಟ್ರು
ಒಂದು ನಿಮಿಷ. ಬಿಳಿ ಕಂಡ ಕೂಡಲೇ ಬೂಷ್ಟು ಅಂತ ತೀರ್ಮಾನ ಮಾಡಬೇಡಿ. ಚರ್ಮದ ಮೇಲೆ ಮೂರು ಥರದ ಬಿಳಿ ಬರುತ್ತೆ. ಒಂದು ಬೂಷ್ಟು: ಮುಗ್ಗಲು ವಾಸನೆ ಇರುತ್ತೆ, ಚುಕ್ಕೆಗಳು ದುಂಡಗೆ ಹರಡಿರುತ್ತೆ, ಭೂತಗನ್ನಡಿಯಲ್ಲಿ ನೋಡಿದರೆ ಎಳೆ ಕಾಣುತ್ತೆ. ಎರಡನೇದು ಚರ್ಮದೊಳಗಿನ ಕೊಬ್ಬು ತಂಪಿಗೆ ಹೊರಗೆ ಬಂದು ಹೆಪ್ಪುಗಟ್ಟೋದು. ಇದು ಹೆಚ್ಚಾಗಿ ನಯವಾದ ಚರ್ಮದ ಬ್ಯಾಗು, ಜಾಕೆಟ್‌ಗಳಲ್ಲಿ ಕಾಣೋದು. ಹೇರ್ ಡ್ರೈಯರ್‌ನ ಸಣ್ಣ ಬಿಸಿ ಅರ್ಧ ನಿಮಿಷ ತೋರಿಸಿದರೆ ಕರಗಿ ಮಾಯವಾಗುತ್ತೆ. ಮೂರನೇದು ಉಪ್ಪು. ಬಿಸಿಗೆ ಹೋಗಲ್ಲ, ಒದ್ದೆ ಬೆರಳು ಮುಟ್ಟಿಸಿದರೆ ಕರಗುತ್ತೆ, ಒಣಗಿದ ಮೇಲೆ ಮತ್ತೆ ಬರುತ್ತೆ. ಬೂಷ್ಟು ಬಿಸಿಗೂ ಮಾಯವಾಗಲ್ಲ, ನೀರಿಗೂ ಕರಗಲ್ಲ.

ತೀರ್ಥಹಳ್ಳಿ ತುಂತುರು
ವಾಸನೆ ಜೋರಾಗಿದೆ. ಬೂಷ್ಟೇ.

ಚರ್ಮದ ಕೆಲಸ
ಸರಿ, ಹಾಗಾದರೆ ಕೆಲಸ ಮನೆಯೊಳಗೆ ಬೇಡ. ಜಗಲಿಗೋ ಹಿತ್ತಲಿಗೋ ತಗೊಂಡು ಹೋಗಿ, ಮೂಗಿಗೆ ಮಾಸ್ಕ್ ಹಾಕ್ಕೊಳ್ಳಿ. ಲೇಸು, ಒಳಗಿನ ಅಟ್ಟೆ ತೆಗೆದು ಬೇರೆ ಇಡಿ.

ಮೊದಲು ಒಣಗಿಸಬೇಕು. ತೇವ ಇರೋವಾಗ ಉಜ್ಜಿದರೆ ಬೂಷ್ಟು ನವಿರಿನ ಬುಡಕ್ಕೆ ಇಳಿಯುತ್ತೆ. ಒಳಗೆ ಬಿಳಿ ಕಾಗದ ತುರುಕಿ ಫ್ಯಾನ್ ಕೆಳಗೆ ಒಂದು ಇಡೀ ದಿನ. ನ್ಯೂಸ್ ಪೇಪರ್ ಆದೀತು, ಆದರೆ ತಿಳಿ ಬಣ್ಣದ ಶೂಗೆ ಶಾಯಿ ಹತ್ತುತ್ತೆ. ಒಣಗಿದ ಮೇಲೆ ಮೆತ್ತನೆ ಬ್ರಷ್‌ನಲ್ಲಿ ಒಂದೇ ದಿಕ್ಕಿಗೆ ಕೊಡವಿ. ಆ ಬ್ರಷ್ ಆಮೇಲೆ ಸೋಪು ನೀರಲ್ಲಿ ತೊಳೀಬೇಕು, ಇಲ್ಲದಿದ್ದರೆ ಮುಂದಿನ ಶೂಗೂ ಬೂಷ್ಟು ಅಂಟಿಸಿದ ಹಾಗೆ.

ಆಮೇಲೆ ಮೆಡಿಕಲ್ ಶಾಪ್‌ನಲ್ಲಿ ಸಿಗೋ 70% ಐಸೊಪ್ರೊಪೈಲ್ ಆಲ್ಕೋಹಾಲ್ ಅರ್ಧ ಕಪ್, ಅಷ್ಟೇ ನೀರು. ಬಿಳಿ ಹತ್ತಿ ಬಟ್ಟೆ ಅದ್ದಿ ಚೆನ್ನಾಗಿ ಹಿಂಡಿ, ನಾಲಿಗೆ ಅಡಿಯಲ್ಲಿ ಒತ್ತಿ ನೋಡಿ. ಶೂ ನಾಲಿಗೆ ಹೇಳ್ತಿರೋದು. ಬಟ್ಟೆಗೆ ಬಣ್ಣ ಹತ್ತದಿದ್ದರೆ ಮುಂದುವರೀರಿ. ಚುಕ್ಕೆ ಇರೋ ಕಡೆ ಮಾತ್ರ ಒರೆಸಬೇಡಿ, ಒಂದು ಹೊಲಿಗೆಯಿಂದ ಇನ್ನೊಂದು ಹೊಲಿಗೆವರೆಗೆ ಇಡೀ ತುಂಡನ್ನೂ ಸಮನಾಗಿ ಒರೆಸಿ. ಬೂಷ್ಟು ಹೋಯಿತು, ಆದರೆ ಹೊಸ ಗೆರೆ ಬಂತು ಅಂತ ಜನ ಗೋಳಾಡೋದು ಇದನ್ನು ಬಿಟ್ಟಾಗಲೇ.

ರಸಾಯನ ಮೇಷ್ಟ್ರು
ಅಳತೆ ಬಗ್ಗೆ ನನ್ನದೊಂದು ತಕರಾರು. 70%ಗೆ ಸಮ ನೀರು ಹಾಕಿದರೆ 35% ಆಯ್ತು. ಅದು ಶಿಲೀಂಧ್ರಕ್ಕೆ ಸಾಕಾಗಲ್ಲ.

ಚರ್ಮದ ಕೆಲಸ
ಮೇಷ್ಟ್ರೇ, ಲೆಕ್ಕ ಸರಿ. ಆದರೆ 70% ಇದ್ದರೂ ಬೂಷ್ಟಿನ ಬೀಜಕಣಗಳು ಸಾಯುತ್ತವೆ ಅಂತ ಹೇಳೋಕಾಗಲ್ಲ, ಗಾಳಿಯಲ್ಲಂತೂ ಅವು ಇದ್ದೇ ಇರುತ್ತವೆ. ಒರೆಸೋದು ಮೇಲಿರೋದನ್ನು ಎತ್ತಿ ತೆಗೆಯೋಕೆ. ಮತ್ತೆ ಬರದ ಹಾಗೆ ಮಾಡೋದು ಒಣಗಿಸೋದರಿಂದ. ನೇರ 70% ಹಾಕಿದರೆ ಗಾಢ ಬಣ್ಣದ ಸ್ವೇಡ್‌ನಲ್ಲಿ ಬಣ್ಣ ಏಳುತ್ತೆ. ಸೋಫಾ ಬಟ್ಟೆಗೆ ಬೇಕಾದರೆ ನೇರ ಹಾಕಿ, ಅಲ್ಲಿ ನಿಮ್ಮ ಮಾತು ಒಪ್ತೀನಿ.

ಕಡಲತಡಿ
ಹ್ಯಾಂಡ್ ಸ್ಯಾನಿಟೈಸರ್ ಆಗ್ತದಾ? ಮನೇಲಿ ಕೊರೊನಾ ಕಾಲದ್ದು ಲೀಟರ್‌ಗಟ್ಟಲೆ ಉಂಟು.

ರಸಾಯನ ಮೇಷ್ಟ್ರು
ಬೇಡ. ಅದರಲ್ಲಿ ಗ್ಲಿಸರಿನ್, ಜೆಲ್, ಸುಗಂಧ ಇರುತ್ತೆ. ಸ್ಪಿರಿಟ್ ಆರಿಹೋದರೂ ಅವು ನವಿರಿನಲ್ಲಿ ಉಳಿದು ಅಂಟಾಗುತ್ತೆ, ಧೂಳು ಹಿಡಿಯುತ್ತೆ. ಬ್ಲೀಚ್ ಕೂಡ ಬೇಡ, ಅದು ಬಣ್ಣವನ್ನೂ ಚರ್ಮದ ಎಳೆಯನ್ನೂ ತಿನ್ನುತ್ತೆ.

ಹಳೇಮನೆ
ಗಟ್ಟಿಯಾದ ಜಾಗಕ್ಕೆ ಯಾರೂ ಹೇಳಲೇ ಇಲ್ಲ. ನೀರಿನ ಗೆರೆ ಹೋಗೋಕೆ ಮತ್ತೆ ನೀರೇ ಹಾಕಬೇಕಂತೆ, ನಿಜವಾ?

ಚರ್ಮದ ಕೆಲಸ
ನಿಜ ಹಳೇಮನೆಯವರೇ. ನೀರು ಒಂದೇ ಕಡೆ ಬಿದ್ದಾಗ ಒಳಗಿನ ಬಣ್ಣ, ಕೊಳೆ ಎಲ್ಲ ಕರಗಿ ಒದ್ದೆಯ ಅಂಚಿಗೆ ತಳ್ಳಿಕೊಂಡು ಹೋಗುತ್ತೆ. ನೀರು ಆರಿದಾಗ ಅದು ಅಲ್ಲೇ ಗೆರೆಯಾಗಿ ನಿಲ್ಲುತ್ತೆ. ನಡುವಿನ ಎಳೆಗಳು ಒಂದಕ್ಕೊಂದು ಅಂಟಿ ಗಟ್ಟಿಯಾಗುತ್ತೆ. ಅದಕ್ಕೇ ಇಡೀ ಶೂವನ್ನು ಸಮನಾಗಿ ತೇವ ಮಾಡಿ, ಆ ಅಂಚನ್ನೇ ಇಲ್ಲದ ಹಾಗೆ ಮಾಡೋದು.

ಬೋರ್‌ವೆಲ್ ನೀರು ಉಪಯೋಗಿಸಬೇಡಿ, ಅದರ ಸುಣ್ಣ ಹೊಸ ಬಿಳಿ ಗೆರೆ ಕೊಡುತ್ತೆ. ಆರ್.ಒ. ನೀರು ಅಥವಾ ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ಸ್ಪ್ರೇ ಬಾಟಲಿಗೆ ತುಂಬಿ ಒಂದಡಿ ದೂರದಿಂದ ಮಂಜಿನಂತೆ ಬಿಡಿ. ತೊಟ್ಟಿಕ್ಕಬಾರದು, ಬಣ್ಣ ಸಮನಾಗಿ ಗಾಢವಾದರೆ ಸಾಕು. ಒಣ ಬಟ್ಟೆ ಒತ್ತಿ ತೇವ ಎಳೀರಿ, ಕಾಗದ ತುಂಬಿ ನೆರಳಲ್ಲಿ 24 ಗಂಟೆ ಒಣಗಿಸಿ. ಒಲೆ ಪಕ್ಕ, ಡ್ರೈಯರ್, ಬಿಸಿಲು ಯಾವುದೂ ಬೇಡ. ಒದ್ದೆ ಚರ್ಮಕ್ಕೆ ಬಿಸಿ ತಾಗಿದರೆ ಕುಗ್ಗಿ ಬಿಡುತ್ತೆ, ಅದನ್ನು ಸರಿ ಮಾಡೋಕಾಗಲ್ಲ.

ಪೂರ್ತಿ ಒಣಗಿದ ಮೇಲೆ ಸ್ವೇಡ್ ಬ್ರಷ್‌ನಲ್ಲಿ ಹಿಂದೆ ಮುಂದೆ ಎರಡೂ ದಿಕ್ಕಿಗೆ ಉಜ್ಜಿ ಎಳೆ ಬಿಡಿಸಿ, ಕೊನೆಗೆ ಒಂದೇ ದಿಕ್ಕಿಗೆ ಮಲಗಿಸಿ. ಬ್ರಷ್ ಇಲ್ಲದಿದ್ದರೆ ಹೊಸ ನೈಲಾನ್ ಹಲ್ಲುಜ್ಜೋ ಬ್ರಷ್ ಸಾಕು. ಹಿತ್ತಾಳೆ ತಂತಿಯ ಬ್ರಷ್ ತೀರಾ ಅಂಟಿ ಹೋದ ಕಡೆ ಮಾತ್ರ, ಹಗುರವಾಗಿ. ನುಬಕ್‌ಗೆ ತಂತಿ ಬ್ರಷ್ ಮುಟ್ಟಿಸಲೇಬಾರದು. ಆದರೂ ಎದ್ದು ಬರದಿದ್ದರೆ ಕುದಿಯೋ ಕೆಟಲ್‌ನ ಆವಿಗೆ ಒಂದು ಗೇಣು ದೂರದಲ್ಲಿ ಮೂರ್ನಾಲ್ಕು ಸೆಕೆಂಡ್ ಹಿಡಿದು ಕೂಡಲೇ ಉಜ್ಜಿ. ಒಣ ಕೊಳೆ, ಉಜ್ಜಿದ ಕಪ್ಪು ಗುರುತಿಗೆ ಮಕ್ಕಳ ಬಿಳಿ ರಬ್ಬರ್ ಒಳ್ಳೇದು. ಬಣ್ಣದ ರಬ್ಬರ್ ಅದರ ಬಣ್ಣವನ್ನೇ ಬಿಟ್ಟುಹೋಗುತ್ತೆ.

ಟೊರಾಂಟೊ ಕನ್ನಡತಿ
ಇಲ್ಲಿ ಚಳಿಗಾಲಕ್ಕೆ ರಸ್ತೆಗೆ ಉಪ್ಪು ಸುರೀತಾರೆ. ಸ್ವೇಡ್ ಬೂಟಿನ ಸುತ್ತ ಅಲೆ ಅಲೆಯಾಗಿ ಬಿಳಿ ಪಟ್ಟೆ ಬೀಳುತ್ತೆ. ಅದಕ್ಕೆ ಬರೀ ನೀರು ಸಾಲಲ್ಲ. ಬಿಳಿ ವಿನೆಗರ್ ಒಂದು ಪಾಲು, ನೀರು ಎರಡು ಪಾಲು ಬೆರೆಸಿ, ಬಟ್ಟೆ ಹಿಂಡಿ ಒತ್ತೋದು, ಆಮೇಲೆ ಬರೀ ನೀರಿನ ಬಟ್ಟೆ, ಆಮೇಲೆ ಒಣಗಿಸಿ ಬ್ರಷ್. ಉಪ್ಪನ್ನು ಅದೇ ದಿನ ತೆಗೀಬೇಕು. ಬಿಟ್ಟರೆ ಅದು ಗಾಳಿಯ ತೇವ ಎಳೆದು ಎಳೆದು ಚರ್ಮ ಬಿರುಕು ಬಿಡುತ್ತೆ. ವಿನೆಗರ್ ಆಮ್ಲ, ಚರ್ಮವೂ ಆಮ್ಲದ ಕಡೆಯದೇ. ಸೋಡಾದಷ್ಟು ಕೇಡು ಮಾಡಲ್ಲ. ಕಪ್ಪು ವಿನೆಗರ್, ಆಪಲ್ ವಿನೆಗರ್ ಬೇಡ, ಬಣ್ಣ ಇಳಿಯುತ್ತೆ.

ಬಸವನಗುಡಿ ವಾಸಿ
ನೋಡಿ, ವಿನೆಗರ್ ಎಲ್ಲದಕ್ಕೂ ಆಗುತ್ತೆ. ನೆಲ, ಅಡುಗೆಕಟ್ಟೆ, ಕನ್ನಡಿ, ಶೂ. ಒಂದು ಬಾಟಲಿ ಇದ್ದರೆ ಸಾಕು.

ಹಳೇಮನೆ
ಅಯ್ಯೋ ಆ ಮಾತು ಮಾತ್ರ ಆಡಬೇಡಿ! ನಿಮ್ಮ ಅಡುಗೆಕಟ್ಟೆ ಯಾವ ಕಲ್ಲು? ಕಡಪ ಆದರೆ ವಿನೆಗರ್ ಬಿದ್ದ ಕಡೆ ಬೂದಿ ಬಣ್ಣದ ಮಚ್ಚೆ ಬೀಳುತ್ತೆ. ಕಡಪ, ಶಹಾಬಾದ್ ಕಲ್ಲು, ಅಮೃತಶಿಲೆ ಎಲ್ಲ ಸುಣ್ಣದ ವಂಶ. ನಿಂಬೆ, ಹುಣಸೆ, ವಿನೆಗರ್, ಮೊಸರು ಯಾವ ಹುಳಿ ಬಿದ್ದರೂ ಮೇಲಿನ ಹೊಳಪನ್ನು ತಿನ್ನುತ್ತೆ. ಅದು ಕಲೆ ಅಲ್ಲ, ಕಲ್ಲೇ ಕರಗಿರೋದು. ಎಷ್ಟು ಉಜ್ಜಿದರೂ ಹೋಗಲ್ಲ, ಪಾಲಿಶ್ ಮೆಷಿನ್ನವರನ್ನೇ ಕರೆಸಬೇಕು. ಎಣ್ಣೆ ಸವರಿದರೆ ಎರಡು ದಿನ ಕಪ್ಪಗೆ ಕಾಣುತ್ತೆ, ಅಷ್ಟೇ. ಗ್ರಾನೈಟ್ ಆದರೆ ಹುಳಿಗೆ ಹಾಗೆ ಜಗ್ಗಲ್ಲ. ಯಾವುದು ಅಂತ ಗೊತ್ತಿಲ್ಲದಿದ್ದರೆ ಕಾಣದ ಮೂಲೇಲಿ ಒಂದು ಹನಿ ನಿಂಬೆರಸ ಹಾಕಿ ಎರಡು ನಿಮಿಷ ಬಿಡಿ. ಗುಳ್ಳೆ ಬಂದರೆ, ಮಂಕಾದರೆ ಸುಣ್ಣದ ಕಲ್ಲು.

ದಿನಾ ಒರೆಸೋಕೆ ಅರ್ಧ ಬಕೆಟ್ ನೀರಿಗೆ ಎರಡು ಹನಿ ಪಾತ್ರೆ ತೊಳೆಯೋ ಲಿಕ್ವಿಡ್ ಸಾಕು.

ಬಸವನಗುಡಿ ವಾಸಿ
ನಮ್ಮದು ಗ್ರಾನೈಟ್. ಆದರೆ ಹಾಲ್‌ನಲ್ಲಿ ಕೆಂಪು ನೆಲ ಇದೆ, ಅಲ್ಲಿ?

ಹಳೇಮನೆ
ಕೆಂಪು ನೆಲ ಅಂದರೆ ಸಿಮೆಂಟಿಗೆ ಕೆಂಪು ಆಕ್ಸೈಡ್ ಪುಡಿ ಬೆರೆಸಿ ತಿಕ್ಕಿ ತಿಕ್ಕಿ ಹೊಳಪು ತಂದಿರೋದು. ಸಿಮೆಂಟಿಗೂ ಹುಳಿ ಆಗಲ್ಲ. ವಿನೆಗರ್ ಬೇಡ, ಟಾಯ್ಲೆಟ್ ತೊಳೆಯೋ ಆ್ಯಸಿಡ್ ಅಂತೂ ಹತ್ತಿರವೂ ತರಬೇಡಿ. ಮಳೆಗಾಲದಲ್ಲಿ ಬಿಳಿ ಪುಡಿ ಏಳುತ್ತಲ್ಲ, ಅದು ನೆಲದಡಿಯ ತೇವದ ಜೊತೆ ಮೇಲೆ ಬಂದ ಲವಣ. ಒಣ ಪೊರಕೆಯಲ್ಲಿ ಗುಡಿಸಿ ತೆಗೀಬೇಕು. ಒದ್ದೆ ಬಟ್ಟೆ ಹಾಕಿದರೆ ಕರಗಿ ಮತ್ತೆ ಒಳಗೆ ಹೋಗಿ ನಾಳೆ ಮತ್ತೆ ಬರುತ್ತೆ. ಒಣಗಿದ ಕಾಲದಲ್ಲಿ ಫ್ಲೋರ್ ವ್ಯಾಕ್ಸ್ ತೆಳ್ಳಗೆ ಹಚ್ಚಿ ಬಟ್ಟೇಲಿ ತಿಕ್ಕಿ. ಮಳೆಗಾಲದಲ್ಲಿ ವ್ಯಾಕ್ಸ್ ಹಾಕಿದರೆ ತೇವ ಅಡಿಯಲ್ಲೇ ಸಿಕ್ಕಿಕೊಂಡು ಬಿಳಿ ಮಸುಕಾಗುತ್ತೆ.

ಮಲಪ್ರಭಾ ದಂಡಿ
ಶೂ ಮಾತು ನಡದಾಗ ನಮ್ಮ ಕಡಿ ಚಪ್ಪಲಿ ಮರೀಬ್ಯಾಡ್ರಿ. ಕೊಲ್ಲಾಪುರಿ ಅಂತ ಹೆಸರಿದ್ರೂ ಅಥಣಿ, ನಿಪ್ಪಾಣಿ ಕಡೀನೂ ಮಾಡ್ತಾರ. 2019ರಾಗ ಬಂದ ಜಿ.ಐ. (ಭೌಗೋಳಿಕ ಸೂಚಕ) ಗುರುತಿನಾಗ ಬೆಳಗಾವಿ, ಬಾಗಲಕೋಟಿ, ಧಾರವಾಡ, ವಿಜಯಪುರ ಜಿಲ್ಲಾನೂ ಅದಾವ್ರಿ. ಅದು ಜಾಲಿ ತೊಗಟಿ, ಅಳಲಿಕಾಯಿ ಹಾಕಿ ಹದ ಮಾಡಿದ ಚರ್ಮ. ಮಳ್ಯಾಗ ಹಾಕ್ಕೊಂಡು ಹೋದ್ರ ನೀರು ಕುಡದು ಉಬ್ಬತೈತಿ, ಪದರ ಬಿಚ್ಚತೈತಿ. ನೆನದ್ರ ಅಟ್ಟಿ ಮ್ಯಾಲೆ ಮಾಡಿ ಗ್ವಾಡಿಗೆ ಆನಿಸಿ ನೆರಳಾಗ ಇಡ್ರಿ. ಪೂರ್ತಿ ಒಣಗಿದ ಮ್ಯಾಲೆ ಹರಳೆಣ್ಣಿ ನಾಕ್ ಹನಿ ಬಟ್ಟಿಗೆ ಹಾಕಿ ತೆಳ್ಳಗ ತಿಕ್ಕರಿ. ಎಣ್ಣಿ ಜಾಸ್ತಿ ಆದ್ರ ಮೆತ್ತಗಾಗಿ ಉಂಗುಟ ಸಡ್ಲ ಆಗತೈತಿ.

ಇನ್ನೊಂದ್ ಮಾತು. ಹಸಿ ಇದ್ದಾಗ ಕಬ್ಬಿಣದ ಸ್ಟ್ಯಾಂಡ್ ಮ್ಯಾಲೆ ಇಡಬ್ಯಾಡ್ರಿ. ಮುಟ್ಟಿದ ಕಡೆ ಕರೀ ಕಲಿ ಬೀಳತೈತಿ, ಮತ್ತ ಹೋಗಂಗಿಲ್ಲ.

ರಸಾಯನ ಮೇಷ್ಟ್ರು
ಮಲಪ್ರಭಾದವರು ಹೇಳಿದ್ದು ಸರಿ. ಅಳಲೆಕಾಯಿಯ ಒಗರು ಅಂಶ ಅಂದರೆ ಟ್ಯಾನಿನ್, ಕಬ್ಬಿಣ ಮತ್ತು ನೀರು ಸೇರಿದರೆ ಕಪ್ಪು ಬಣ್ಣ ಆಗುತ್ತೆ. ಹಿಂದೆ ಶಾಯಿ ಮಾಡ್ತಿದ್ದದ್ದೂ ಇದೇ ಕ್ರಿಯೆಯಿಂದ. ಕಂಪನಿ ಶೂಗಳು ಬಹುಪಾಲು ಕ್ರೋಮ್ ಹದದವು, ಅಂದರೆ ಕ್ರೋಮಿಯಂ ಲವಣದಿಂದ ಹದ ಮಾಡಿದವು, ಅವುಗಳಲ್ಲಿ ಈ ಸಮಸ್ಯೆ ಕಡಿಮೆ.

ಮಲಪ್ರಭಾ ದಂಡಿ
ಅಡ್ಡಿ ಇಲ್ರಿ ಮಾಸ್ತರ್, ಕಾರಣ ಈಗ ತಿಳೀತು ನೋಡ್ರಿ.

ತೀರ್ಥಹಳ್ಳಿ ತುಂತುರು
ಸೋಫಾ ಎಣ್ಣೆ ಕಲೆಗೆ ಯಾರಾದರೂ ಹೇಳಿ. ತಲೆಗೆ ಹಚ್ಚೋ ತೆಂಗಿನೆಣ್ಣೆಯದು, ಹಳೇದು.

ಸೋಫಾ ರಿಪೇರಿ
ಪಾಲಿಯೆಸ್ಟರ್ ಅಂತ ಖಾತ್ರಿ ಆಯ್ತಲ್ಲ, ಹಾಗಾದರೆ ಸುಲಭ. ತೆಂಗಿನೆಣ್ಣೆ 24 ಡಿಗ್ರಿ ಆಸುಪಾಸಿನಲ್ಲಿ ಗಟ್ಟಿಯಾಗುತ್ತೆ. ಈಗ ನಿಮ್ಮ ಕಡೆ ಥಂಡಿ, ಅದು ಎಳೆಯೊಳಗೆ ಹೆಪ್ಪುಗಟ್ಟಿ ಕೂತಿರುತ್ತೆ. ಹಾಗಿರೋವಾಗ ಪುಡಿ ಹಾಕಿದರೆ ಹೀರಲ್ಲ. ಹೇರ್ ಡ್ರೈಯರ್ ಕಡಿಮೆ ಬಿಸಿಯಲ್ಲಿ, ಕೈಗೆ ಬೆಚ್ಚಗೆ ಅನ್ನಿಸೋಷ್ಟು, ಒಂದು ನಿಮಿಷ ತೋರಿಸಿ. ಕೂಡಲೇ ಕಾರ್ನ್ ಫ್ಲೋರ್ ಒಂದು ಕಾಲು ಇಂಚು ದಪ್ಪ ಹರಡಿ ಅಂಗೈಯಲ್ಲಿ ಒತ್ತಿ. ಒರಗೋ ಭಾಗ ನಿಂತಿರುತ್ತೆ, ಪುಡಿ ಜಾರುತ್ತೆ. ಅದಕ್ಕೆ ಸೋಫಾವನ್ನೇ ಹಿಂದಕ್ಕೆ ಮಲಗಿಸಿಕೊಳ್ಳಿ. ರಾತ್ರಿ ಬಿಟ್ಟು ಬೆಳಿಗ್ಗೆ ವ್ಯಾಕ್ಯೂಮ್ ಮಾಡಿ. ಪುಡಿ ಇನ್ನೂ ಹಳದಿಯಾಗ್ತಿದ್ದರೆ ಮತ್ತೊಂದು ಸಲ.

ಉಳಿದ ಕಪ್ಪಿಗೆ ಐಸೊಪ್ರೊಪೈಲ್ ಸ್ಪಿರಿಟ್ ಬಿಳಿ ಬಟ್ಟೆಗೆ ಹಾಕಿ, ಸೋಫಾಗೆ ನೇರ ಸುರೀಬೇಡಿ, ಹೊರ ಅಂಚಿನಿಂದ ಒಳಕ್ಕೆ ಒರೆಸಿ. ಬಟ್ಟೆ ಕಪ್ಪಾದ ಹಾಗೆ ಮಗ್ಗುಲು ಬದಲಾಯಿಸಿ. ಕಿಟಕಿ ತೆಗೆದಿರಬೇಕು, ದೀಪ, ಊದುಬತ್ತಿ ಹತ್ತಿರ ಇರಬಾರದು.

ಗಂಧದಗುಡಿ
ಕಾರ್ನ್ ಫ್ಲೋರ್ ಬದಲು ಮುಲ್ತಾನಿ ಮಿಟ್ಟಿ ಇನ್ನೂ ಚೆನ್ನಾಗಿ ಹೀರುತ್ತೆ.

ಸೋಫಾ ರಿಪೇರಿ
ಹೀರೋದು ಹೀರುತ್ತೆ ಅಕ್ಕ, ಆದರೆ ಅದಕ್ಕೆ ಅದರದೇ ಬಣ್ಣ ಇದೆ. ಗಾಢ ಕಂದು ಸೋಫಾಗೆ ಸರಿ, ತಿಳಿ ಬಣ್ಣಕ್ಕೆ ಹಳದಿ ಹಿಡಿಯುತ್ತೆ. ಗೋಧಿ ಹಿಟ್ಟು, ಅಕ್ಕಿ ಹಿಟ್ಟು ಹಾಕೋರೂ ಇದ್ದಾರೆ, ಅದು ಬೇಡ. ಉಳಿದ ಚೂರಿಗೆ ಹುಳ, ಜಿರಲೆ ಬರುತ್ತೆ. ಕಾರ್ನ್ ಫ್ಲೋರ್ ಕೂಡ ಪೂರ್ತಿ ಎಳೆದು ತೆಗೀಬೇಕು.

ಚರ್ಮದ ಕೆಲಸ
ಇದೇ ಎಣ್ಣೆ ನಿಜವಾದ ಸ್ವೇಡ್ ಮೇಲೆ ಬಿದ್ದಿದ್ದರೆ ಪುಡಿಯ ತನಕ ಮಾತ್ರ ಮನೆಯಲ್ಲಿ. ಹೊಸ ಕಲೆ ಮೂರ್ನಾಲ್ಕು ಸಲದಲ್ಲಿ ಮುಕ್ಕಾಲು ಹೋಗುತ್ತೆ. ಹಳೇ ಕಲೆಗೆ ಚರ್ಮ ತೊಳೆಯೋ ಡ್ರೈಕ್ಲೀನರ್‌ ಹತ್ತಿರವೇ ಹೋಗಬೇಕು. ಸೋಪು ನೀರು ಹಾಕಿದರೆ ಎಣ್ಣೆ ಜೊತೆಗೆ ಚರ್ಮ ಮೆದುವಾಗಿರೋಕೆ ಹದದಲ್ಲಿ ಹಾಕಿದ ಕೊಬ್ಬೂ ಎದ್ದು ಹೋಗುತ್ತೆ.

ನಂದಿಬಟ್ಟಲು
ಸೋಫಾ ಸಿಪ್ಪೆ ಸಿಪ್ಪೆಯಾಗಿ ಉದುರ್ತಿದ್ದರೆ ಏನು ಹಚ್ಚಬೇಕು? ಲೆದರ್ ಅಂತಲೇ ತಗೊಂಡಿದ್ದು. ತೆಂಗಿನೆಣ್ಣೆ ಹಚ್ಚಿದರೂ ನಿಲ್ತಿಲ್ಲ.

ಸೋಫಾ ರಿಪೇರಿ
ಅದು ಚರ್ಮ ಅಲ್ಲ ಮೇಡಂ, ಬಟ್ಟೆ ಮೇಲೆ ಪಾಲಿಯುರೆಥೇನ್ ಲೇಪ. ಗಾಳಿಯ ತೇವಕ್ಕೆ ಆ ಲೇಪದ ಕಟ್ಟು ಒಳಗಿಂದಲೇ ಬಿಟ್ಟುಕೊಳ್ಳುತ್ತೆ. ಕರಾವಳಿ, ಮಲೆನಾಡಲ್ಲಿ ಇನ್ನೂ ಬೇಗ. ಬೆವರು, ತಲೆಯ ಎಣ್ಣೆ ಅದನ್ನು ಇನ್ನಷ್ಟು ಚುರುಕು ಮಾಡುತ್ತೆ, ಅಂದರೆ ನೀವು ಹಚ್ಚೋ ತೆಂಗಿನೆಣ್ಣೆಯಿಂದ ನಷ್ಟವೇ. ಉದುರೋಕೆ ಶುರುವಾದ ಮೇಲೆ ಹಚ್ಚಿ ನಿಲ್ಲಿಸೋ ಔಷಧಿ ಇಲ್ಲ. ಚೌಕಟ್ಟು, ಫೋಮ್ ಗಟ್ಟಿ ಇದ್ದರೆ ಮೇಲಿನ ಬಟ್ಟೆ ಬದಲಾಯಿಸಿ. ಹಳೇ ಕಾಲದ ರೆಕ್ಸಿನ್ ಬೇರೆ, ಅದು ಪಿ.ವಿ.ಸಿ. ಹೀಗೆ ಸಿಪ್ಪೆ ಏಳಲ್ಲ, ವರ್ಷ ಹೋದ ಹಾಗೆ ಗಟ್ಟಿಯಾಗಿ ಬಿರಿಯುತ್ತೆ.

ಕಡಲತಡಿ
ಕಾಲಿಗೆ ಹಾಕದೇ ಡಬ್ಬದಲ್ಲೇ ಇಟ್ಟ ಶೂ ಅಡಿ ಪುಡಿಪುಡಿ ಆಗೋದೂ ಅದೇನಾ?

ಸೋಫಾ ರಿಪೇರಿ
ಅದೇ.

ಗಂಧದಗುಡಿ
ಬೀರುವಿನಲ್ಲಿ ಬೂಷ್ಟು ಬರದ ಹಾಗೆ ಏನು ಮಾಡೋದು? ಇದ್ದಿಲು, ಅಕ್ಕಿ ಮೂಟೆ, ನುಸಿಗುಳಿಗೆ ಎಲ್ಲ ಇಡ್ತಾರೆ.

ರಸಾಯನ ಮೇಷ್ಟ್ರು
ನುಸಿಗುಳಿಗೆ ತೇವ ಹೀರಲ್ಲ, ಅದು ಹುಳಕ್ಕೆ ಮಾತ್ರ. ಅದರ ಜೊತೆ ಕರ್ಪೂರ ಇಡೋ ಅಭ್ಯಾಸ ಕೆಲವರಿಗಿದೆ, ದಯವಿಟ್ಟು ಬೇಡ. ನುಸಿಗುಳಿಗೆಯ ನ್ಯಾಫ್ತಲಿನ್ ಮತ್ತು ಕರ್ಪೂರ ಒಂದಕ್ಕೊಂದು ತಾಗಿದರೆ ಎರಡೂ ಕರಗಿ ದ್ರವವಾಗಿ ರೇಷ್ಮೆ, ಚರ್ಮದ ಮೇಲೆ ಕಲೆ ಬೀಳುತ್ತೆ. ಹಸುಗೂಸಿನ ಬಟ್ಟೆ ಇರೋ ಕಡೆ ನ್ಯಾಫ್ತಲಿನ್ ಇಡಲೇಬಾರದು. ಜಿ6ಪಿಡಿ ಅನ್ನೋ ಕಿಣ್ವದ ಕೊರತೆ ಇರೋ ಮಕ್ಕಳಿಗೆ ಅದು ರಕ್ತಕಣವನ್ನೇ ಒಡೆಯುತ್ತೆ.

ಇದ್ದಿಲು ವಾಸನೆಗೆ ಪರವಾಗಿಲ್ಲ. ಅಕ್ಕಿಯಿಂದ ಆಗೋದು ಅಷ್ಟಕ್ಕಷ್ಟೇ. ಸಿಲಿಕಾ ಜೆಲ್ ತನ್ನ ತೂಕದ ಮೂರನೇ ಒಂದರಷ್ಟು ನೀರು ಹಿಡಿಯುತ್ತೆ, ಆದರೆ ಬಾಗಿಲು ಸಂದಿ ಇರೋ ಬೀರುವಿನಲ್ಲಿ ನಾಲ್ಕು ಪುಟ್ಟ ಪೊಟ್ಟಣ ಇಟ್ಟರೆ ಒಂದೆರಡು ದಿನದಲ್ಲಿ ತುಂಬಿ ಸುಮ್ಮನಾಗುತ್ತೆ. ಶೂ ಒಣಗಿಸಿದ ಮೇಲೆ ಮುಚ್ಚಳಕ್ಕೆ ರಬ್ಬರ್ ಪಟ್ಟಿ ಇರೋ ಗಾಳಿಯಾಡದ ಡಬ್ಬದಲ್ಲಿ ಇಡಿ, 20 ಲೀಟರ್ ಡಬ್ಬಕ್ಕೆ 100ರಿಂದ 200 ಗ್ರಾಂ ಸಿಲಿಕಾ. ಬಣ್ಣ ಬದಲಾಯಿಸೋ ಕಿತ್ತಳೆ ಬಣ್ಣದ್ದು ತಗೊಳ್ಳಿ, ಹಸಿರಾದಾಗ ಓವನ್‌ನಲ್ಲಿ 110ರಿಂದ 120 ಡಿಗ್ರಿಗೆ ಒಂದೆರಡು ಗಂಟೆ. ನೀಲಿಯದ್ದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತೆ, ಅದು ವಿಷ. ಯಾವುದೇ ಆಗಲಿ, ಅಡುಗೆಯ ಪಾತ್ರೆಯಲ್ಲಿ ಮಾತ್ರ ಒಣಗಿಸಬೇಡಿ. ಅಂಗಡಿಯಲ್ಲಿ ಸಿಗೋ ನೀರು ತುಂಬೋ ಡಬ್ಬಿಗಳು ಕ್ಯಾಲ್ಸಿಯಂ ಕ್ಲೋರೈಡ್. ಚೆನ್ನಾಗಿ ಕೆಲಸ ಮಾಡುತ್ತೆ, ಆದರೆ ಆ ನೀರು ಚರ್ಮಕ್ಕೆ ಚೆಲ್ಲಿದರೆ ಚರ್ಮ ಹಾಳು, ಕಬ್ಬಿಣದ ಬೀರು ತುಕ್ಕು. ಕೆಳಗಿನ ಶೆಲ್ಫ್‌ನಲ್ಲಿ, ಅಡಿಗೊಂದು ಬೇಸಿನ್ ಇಟ್ಟು ಇಡಿ.

ಹಳೇಮನೆ
ಹಿಂದೆ ಬೀರುವಿನೊಳಗೆ ಜೀರೋ ಬಲ್ಬು ಉರಿಸ್ತಿದ್ದರು. ಈಗ ಎಲ್‌ಇಡಿ ಹಾಕಿದರೆ ಯಾಕೆ ಪ್ರಯೋಜನ ಇಲ್ಲ?

ರಸಾಯನ ಮೇಷ್ಟ್ರು
ಬೇಕಾದದ್ದು ಬೆಳಕಲ್ಲ, ಬಿಸಿ. ಹಳೇ ಜೀರೋ ಬಲ್ಬು ಹೆಸರಿಗೆ ಜೀರೋ, ಎಳೆಯುತ್ತಿದ್ದದ್ದು ಸುಮಾರು 15 ವ್ಯಾಟ್, ಬಹುಪಾಲು ಶಾಖವಾಗಿ ಹೋಗ್ತಿತ್ತು. 25 ಡಿಗ್ರಿಯಲ್ಲಿ 90% ತೇವಾಂಶ ಇರೋ ಗಾಳಿಯನ್ನು 30 ಡಿಗ್ರಿಗೆ ಏರಿಸಿದರೆ, ಒಂದು ಹನಿ ನೀರು ತೆಗೆಯದೆಯೂ ತೇವಾಂಶ 67%ಕ್ಕೆ ಇಳಿಯುತ್ತೆ. 65% ಒಳಗಿದ್ದರೆ ಬೂಷ್ಟಿಗೆ ಬೆಳೆಯೋದು ಕಷ್ಟ. ಎಲ್‌ಇಡಿ ಅಷ್ಟು ಬಿಸಿ ಕೊಡಲ್ಲ. ಆದರೆ ಹಳೇ ಬಲ್ಬು ಬಟ್ಟೆಗೆ ತಾಗಿದರೆ ಬೆಂಕಿ, ತಂತಿ ಜಾಲರಿ ಇಲ್ಲದೆ ಮಾಡಬೇಡಿ. ಒಂದು ಸಣ್ಣ ತೇವಮಾಪಕ ಬೀರುವಿನಲ್ಲಿಟ್ಟರೆ ಊಹೆ ಮಾಡೋದು ತಪ್ಪುತ್ತೆ.

ಬಸವನಗುಡಿ ವಾಸಿ
ಸರಿ, ವಿನೆಗರ್ ಮಾತು ಹಿಂದಕ್ಕೆ ತಗೊಂಡೆ. ಹಿತ್ತಾಳೆಗಾದರೂ ಹುಳಿ ಆಗುತ್ತೋ ಇಲ್ವೋ? ಹಬ್ಬ ಹತ್ತಿರ ಬಂತು.

ಹಳೇಮನೆ
ಹಿತ್ತಾಳೆಗೆ ಹುಣಸೆ, ಉಪ್ಪು ಸರಿಯೇ. ನಿಂಬೆ ಗಾತ್ರದ ಹುಣಸೆ ಬಿಸಿನೀರಲ್ಲಿ ನೆನೆಸಿ, ಒಂದು ಚಮಚ ಪುಡಿ ಉಪ್ಪು ಸೇರಿಸಿ ಉಜ್ಜಿ, ಎರಡು ಮೂರು ನಿಮಿಷದಲ್ಲಿ ತೊಳೀರಿ. ಹಚ್ಚಿಟ್ಟು ಬೇರೆ ಕೆಲಸಕ್ಕೆ ಹೋಗಬೇಡಿ. ಹೆಚ್ಚು ಹೊತ್ತು ಬಿಟ್ಟರೆ ಹಿತ್ತಾಳೆಯ ಸತು ಕರಗಿ ಮೇಲೆ ತಾಮ್ರ ಉಳಿದು ಗುಲಾಬಿ ಮಚ್ಚೆ ಆಗುತ್ತೆ. ತೊಳೆದ ಕೂಡಲೇ ಒಣ ಬಟ್ಟೆಯಲ್ಲಿ ಒರೆಸಿ, ಕೆತ್ತನೆ ಸಂದಿಯ ನೀರೂ ಹೋಗಬೇಕು, ಇಲ್ಲದಿದ್ದರೆ ಹಸಿರು ಕಟ್ಟುತ್ತೆ. ಲ್ಯಾಕರ್ ಹೊಡೆದ ಶೋಕೇಸ್ ದೀಪಕ್ಕೆ ಮಾತ್ರ ಬರೀ ಒಣ ಬಟ್ಟೆ.

ಭಾಲ್ಕಿ ಹುಡುಗ
ಇದೇ ಹುಣಸೆಹಣ್ಣಿನ ಕೈಯಲ್ಲಿ ಬಿದ್ರಿ ಹೂದಾನಿ ಮುಟ್ಟಬೇಡಿ, ಕೈಮುಗೀತೀನಿ. ಬಿದ್ರಿ ಸಾಮಾನು ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದದ್ದು. ಆ ಕಪ್ಪು ಪೇಂಟ್ ಅಲ್ಲ. ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಕಾಯಿಸಿದ ನೀರಲ್ಲಿ ಅದ್ದಿ ಬರಿಸಿದ ಬಣ್ಣ. ಬೆಳ್ಳಿಗೆ ಅದು ಹತ್ತಲ್ಲ, ಅದಕ್ಕೇ ಕುಸುರಿ ಬೆಳ್ಳಗೆ ಉಳಿಯುತ್ತೆ. ಹುಳಿ, ಪೀತಾಂಬರಿ, ಲೋಹದ ಪಾಲಿಶ್ ಏನು ಹಾಕಿದರೂ ಕಪ್ಪು ಎದ್ದು ಬೂದಿ ಬಣ್ಣ ಕಾಣುತ್ತೆ, ಕುಶಲಕರ್ಮಿಗಳೇ ಮತ್ತೆ ಮಾಡಿಕೊಡಬೇಕು. ಒಣ ಮೆತ್ತನೆ ಬಟ್ಟೆ, ಯಾವಾಗಲಾದರೊಮ್ಮೆ ಒಂದು ಹನಿ ಕೊಬ್ಬರಿ ಎಣ್ಣೆ ಸವರಿ ಒರೆಸಿ. ನೀರಲ್ಲಿ ತೊಳೆಯೋದೂ ಬೇಡ.

ನಂದಿಬಟ್ಟಲು
ಹಾಗಾದರೆ ಚನ್ನಪಟ್ಟಣದ ಬೊಂಬೆಗೆ? ಮಗು ಬಾಯಿಗೆ ಹಾಕುತ್ತೆ ಅಂತ ಸ್ಯಾನಿಟೈಸರ್‌ನಲ್ಲಿ ಒರೆಸ್ತಾರಲ್ಲ.

ಭಾಲ್ಕಿ ಹುಡುಗ
ಅದರ ಬಣ್ಣ ಅರಗಿನದ್ದು. ಅರಗು ಸ್ಪಿರಿಟ್‌ನಲ್ಲಿ ಕರಗುತ್ತೆ. ಒರೆಸಿದ ಬಟ್ಟೆಗೇ ಬಣ್ಣ ಬರುತ್ತೆ, ಹೊಳಪು ಹೋಗುತ್ತೆ. ಹಿಂಡಿದ ಒದ್ದೆ ಬಟ್ಟೆಯಲ್ಲಿ ಒರೆಸಿ ಕೂಡಲೇ ಒಣಗಿಸಿ. ನೆನೆಹಾಕಿದರೆ ಒಳಗಿನ ಹಾಲೆ ಮರ ಉಬ್ಬಿ ಅರಗು ಬಿರಿಯುತ್ತೆ. ಕುದಿನೀರು, ಸುಡು ಬಿಸಿಲು ಕೂಡ ಬೇಡ, ಅರಗು ಮೆತ್ತಗಾಗುತ್ತೆ.

ತೀರ್ಥಹಳ್ಳಿ ತುಂತುರು
ಎಲ್ಲರಿಗೂ ಧನ್ಯವಾದ. ಕೊನೇ ಎರಡು ಪ್ರಶ್ನೆ. ಎಣ್ಣೆ ತೆಗೆದ ಮೇಲೆ ಸೋಫಾ ಪೂರ್ತಿ ಹೇಗೆ ತೊಳೆಯೋದು? ಶೂಗೆ ವಾಟರ್‌ಪ್ರೂಫ್ ಸ್ಪ್ರೇ ಈಗಲೇ ಹೊಡೀಬಹುದಾ?

ಚರ್ಮದ ಕೆಲಸ
ಸ್ಪ್ರೇ ಈಗ ಬೇಡ. ಬೂಷ್ಟು ತೆಗೆದ ಮೇಲೆ ಒಂದು ವಾರ ಒಣ ಡಬ್ಬದಲ್ಲಿಟ್ಟು ಮತ್ತೆ ಏಳುತ್ತಾ ನೋಡಿ. ಏಳದಿದ್ದರೆ, ಮಳೆ ಬಿಟ್ಟ ಒಣ ದಿನ ಹೊರಗೆ ನಿಂತು, 20ರಿಂದ 25 ಸೆಂ.ಮೀ. ದೂರದಿಂದ ತೆಳ್ಳಗೆ ಒಂದು ಸುತ್ತು, ಒಣಗಿದ ಮೇಲೆ ಇನ್ನೊಂದು ಸುತ್ತು, ಆಮೇಲೆ 24 ಗಂಟೆ ಹಾಕಬಾರದು. ಒಂದೇ ಸಲ ತೊಯ್ಯೋ ಹಾಗೆ ಹೊಡೆದರೆ ನವಿರು ಅಂಟಿಕೊಂಡು ಗಟ್ಟಿಯಾಗುತ್ತೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಹೊಡೆಯಬೇಡಿ, ಆ ಮಂಜು ಶ್ವಾಸಕೋಶಕ್ಕೆ ಅಪಾಯ. ಶೂಗೆ ಹಾಕೋ ವ್ಯಾಕ್ಸ್ ಪಾಲಿಶ್ ಸ್ವೇಡ್‌ಗೆ ಬರಲ್ಲ, ಡಬ್ಬಿ ಮೇಲೆ ಸ್ವೇಡ್, ನುಬಕ್ ಅಂತ ಬರೆದಿರೋದನ್ನೇ ತಗೊಳ್ಳಿ.

ಸೋಫಾ ರಿಪೇರಿ
ಸೋಫಾಗೆ: ಒಂದು ಲೀಟರ್ ಉಗುರುಬೆಚ್ಚಗಿನ ಆರ್.ಒ. ನೀರು, ಒಂದು ಟೀ ಚಮಚ ಪಾತ್ರೆ ತೊಳೆಯೋ ಲಿಕ್ವಿಡ್, ಕೈಯಲ್ಲಿ ಕಲಕಿ ನೊರೆ ಎಬ್ಬಿಸಿ. ನೊರೆ ಮಾತ್ರ ಸ್ಪಂಜಿಗೆ ತಗೊಂಡು ಹೊಲಿಗೆಯಿಂದ ಹೊಲಿಗೆವರೆಗೆ ಒಂದೊಂದೇ ಭಾಗ ಒರೆಸಿ. ಬರೀ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಎರಡು ಸಲ ಸೋಪು ತೆಗೀರಿ. ಸೋಪು ಉಳಿದರೆ ಅದೇ ಜಾಗ ತಿಂಗಳಲ್ಲಿ ಮತ್ತೆ ಕಪ್ಪಾಗುತ್ತೆ. ಒಣಗಿದಾಗ ಗಟ್ಟಿ ಅನ್ನಿಸಿದರೆ ಮೆತ್ತನೆ ಬ್ರಷ್ ಆಡಿಸಿ.

ಮುಗ್ಗಲು ವಾಸನೆ ಬರ್ತಿರೋದು ಮೇಲಿನ ಬಟ್ಟೆಯಿಂದ ಅಲ್ಲ, ಒಳಗಿನ ಫೋಮ್‌ನಿಂದ. ಕುಶನ್ ಕವರ್ ಬಿಚ್ಚಿ ಫೋಮನ್ನು ನಿಲ್ಲಿಸಿ, ಎರಡೂ ಮೈಗೆ ಗಾಳಿ ಆಡೋ ಹಾಗೆ ಎರಡು ಮೂರು ದಿನ ಫ್ಯಾನ್ ಹಾಕಿ. ಒಳಗೆ ಕಪ್ಪು ಚುಕ್ಕೆ ಕಂಡರೆ ತೊಳೆದು ಪ್ರಯೋಜನ ಇಲ್ಲ, ಆ ತುಂಡು ಬದಲಾಯಿಸಬೇಕು. ಹೊಸ ಫೋಮ್ ತರೋವಾಗ ಸೀಟಿಗೆ 40 ಡೆನ್ಸಿಟಿ ಕೇಳಿ, ಒರಗೋ ಕಡೆಗೆ 32 ಸಾಕು. ಸೋಫಾ ಗೋಡೆಯಿಂದ ನಾಲ್ಕು ಇಂಚು ಮುಂದೆ ಇರಲಿ.

ತೀರ್ಥಹಳ್ಳಿ ತುಂತುರು
ಕಪ್ಪು ಚುಕ್ಕೆ ಒಂದು ಕುಶನ್‌ನಲ್ಲಿ ಮಾತ್ರ ಇದೆ. ಅದರ ಅಳತೆ 22 ಇಂಚು ಉದ್ದ, 22 ಅಗಲ, 5 ದಪ್ಪ. ಅಷ್ಟೇ ಅಳತೆಗೆ ಕತ್ತರಿಸಬೇಕಾ?

ಸೋಫಾ ರಿಪೇರಿ
ಉದ್ದ ಅಗಲ ಎರಡಕ್ಕೂ ಅರ್ಧ ಇಂಚು ಜಾಸ್ತಿ ಕೊಡಿ, ಕವರ್ ಬಿಗಿಯಾಗಿ ಕೂರುತ್ತೆ. ದಪ್ಪ 5 ಇಂಚೇ ಇರಲಿ. ಕವರ್ ಪೂರ್ತಿ ಒಣಗೋ ಮುಂಚೆ ಮಾತ್ರ ತುಂಬಬೇಡಿ.